ಬೋರ್ಡಿನ ಹಿಂದೆ ಆ ಎರಡು ವರ್ಷ ಇದೆಯಾ?

ಮನೆಗೆ ವೈರಿಂಗ್ ಮಾಡುವ ಕಾಂಟ್ರಾಕ್ಟರ್‌ಗೆ ಲೈಸೆನ್ಸ್ ಬೇಕು. ಆಟೋ ಓಡಿಸೋಕೆ ಲೈಸೆನ್ಸ್ ಬೇಕು. ಮೆಡಿಕಲ್ ಶಾಪ್ ಇಡೋಕೆ ಫಾರ್ಮಸಿಸ್ಟ್ ಬೇಕು. ಈಗ ಹೇಳಿ, ನಿಮ್ಮ ಬಡಾವಣೆಯಲ್ಲಿ ಯಾರೋ ಒಬ್ಬರು ಒಂದು ರೂಮು ಬಾಡಿಗೆಗೆ ಹಿಡಿದು, ಎರಡು ಕುರ್ಚಿ ಹಾಕಿ, 'ಮನಸ್ಸಿನ ಎಲ್ಲ ಸಮಸ್ಯೆಗಳಿಗೂ ಪರಿಹಾರ' ಅಂತ ಬೋರ್ಡು ತೂಗುಹಾಕಿದರೆ, 'ಏನಪ್ಪಾ ಓದಿದ್ದೀಯ?' ಅಂತ ಅವರನ್ನು ಕೇಳೋರು ಯಾರು?

ಸಾಮಾನ್ಯವಾಗಿ ಯಾರೂ ಕೇಳಲ್ಲ. ನಾವೂ ಕೇಳಲ್ಲ. ಮಗ ಮೂರು ತಿಂಗಳಿಂದ ರೂಮಿನಿಂದ ಆಚೆ ಬರ್ತಿಲ್ಲ, ಸೊಸೆಗೆ ಹೆರಿಗೆಯಾದ ಮೇಲೆ ಮಗುವಿನ ಮುಖ ನೋಡೋಕೂ ಮನಸ್ಸಿಲ್ಲ, ಅಪ್ಪ ರಿಟೈರ್ ಆದಾಗಿನಿಂದ ರಾತ್ರಿ ನಿದ್ದೆ ಮಾಡ್ತಿಲ್ಲ. ಮನೆಯಲ್ಲಿ ಇಂಥದ್ದು ಶುರುವಾದಾಗ ಸರ್ಟಿಫಿಕೇಟ್ ಕೇಳುವ ಸ್ಥಿತಿಯಲ್ಲಿ ಯಾರೂ ಇರಲ್ಲ. ಪಕ್ಕದ ಮನೆಯವರು ಹೇಳಿದ ಕಡೆ ಹೋಗ್ತೀವಿ. ಮೊಬೈಲಿನಲ್ಲಿ ಚೆನ್ನಾಗಿ ಮಾತಾಡುವ ಒಬ್ಬರ ವಿಡಿಯೋ ನೋಡಿ ಅವರಿಗೇ ಫೋನ್ ಮಾಡ್ತೀವಿ. ಅಲ್ಲಿ ಕೂತಿರುವವರು ಆರೇಳು ವರ್ಷ ಓದಿದವರೋ, ಆರು ವಾರದ ಆನ್‌ಲೈನ್ ಕೋರ್ಸ್ ಮುಗಿಸಿದವರೋ ನಮಗೆ ಗೊತ್ತಿರೋದಿಲ್ಲ.

ಹಾಗಾಗಿ ಇವತ್ತು ಒಂದು ವೃತ್ತಿಯ ಬಗ್ಗೆ ಬಿಡಿಸಿ ಹೇಳ್ತೀನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು? ಅವರು ಹೇಗೆ ತಯಾರಾಗ್ತಾರೆ? ಆ ತಯಾರಿಯನ್ನೇ ಈಗ ದೇಶ ಬದಲಾಯಿಸಲು ಹೊರಟಿರುವಾಗ ನಾವು ಯಾವುದರ ಮೇಲೆ ಕಣ್ಣಿಡಬೇಕು?

ಮೊದಲು ಹೆಸರುಗಳ ಗೊಂದಲ ಬಗೆಹರಿಸೋಣ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಮೊದಲು ಎಂ.ಬಿ.ಬಿ.ಎಸ್. ಓದಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂಥ ಸ್ನಾತಕೋತ್ತರ ಪದವಿ ಮಾಡಿದ ಡಾಕ್ಟರು. ಮಾತ್ರೆ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮೆಡಿಕಲ್ ಓದಿದವರಲ್ಲ, ಮನಃಶಾಸ್ತ್ರ ಓದಿದವರು. ಅವರು ಮಾತ್ರೆ ಬರೆಯೋದಿಲ್ಲ, ಬರೆಯುವ ಹಾಗೂ ಇಲ್ಲ. ಅವರ ಕೆಲಸ ಎರಡು. ಒಂದು, ಪರೀಕ್ಷೆಗಳ ಮೂಲಕ ಸಮಸ್ಯೆ ಏನು, ಎಷ್ಟು ಅನ್ನೋದನ್ನು ಅಳೆಯುವುದು. ಎರಡು, ಸೈಕೋಥೆರಪಿ, ಅಂದರೆ ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುವುದು. ಮೂರನೆಯವರು ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್. ಶಾಲೆ, ಕಾಲೇಜು, ಕಚೇರಿ, ಕುಟುಂಬದ ದಿನನಿತ್ಯದ ತೊಂದರೆಗಳಲ್ಲಿ ಇವರ ಸಹಾಯ ದೊಡ್ಡದು. ಈ ಮೂವರಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಆದರೆ ಮೂವರ ಕೆಲಸವೂ ಒಂದೇ ಅಲ್ಲ.

ಈಗ ದಾರಿ ನೋಡಿ. ಪಿಯುಸಿ ಆದ ಮೇಲೆ ಪದವಿ ಮೂರು ವರ್ಷ. ಆಮೇಲೆ ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಎರಡು ವರ್ಷ. ಬಹಳ ಜನ ಇಲ್ಲಿಗೇ ಮುಗೀತು ಅಂದ್ಕೊಂಡಿದ್ದಾರೆ. ಎಂ.ಎಸ್ಸಿ. ಸೈಕಾಲಜಿ ಮುಗಿಸಿದ ತಕ್ಷಣ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲ್ಲ. ಇಷ್ಟು ವರ್ಷ ಇದ್ದ ನಿಯಮದ ಪ್ರಕಾರ, ಎಂ.ಎ., ಎಂ.ಎಸ್ಸಿ.ಯಲ್ಲಿ ಕನಿಷ್ಠ ಶೇ. 55 ಅಂಕ ತೆಗೆದು, ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ದಾಟಿ, ಮಾನ್ಯತೆ ಇರುವ ಸಂಸ್ಥೆಯಲ್ಲಿ ಇನ್ನೂ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಮಾಡಬೇಕು. ಸಂಜೆ ಕಾಲೇಜು ಇಲ್ಲ, ಅಂಚೆ ಶಿಕ್ಷಣ ಇಲ್ಲ. ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರು ದಾಖಲಾಗಬೇಕು. ಇದರ ಜೊತೆಗೆ ನಾಲ್ಕು ವರ್ಷದ ಸೈ.ಡಿ. ಅನ್ನುವ ವೃತ್ತಿಪರ ಡಾಕ್ಟರೇಟ್ ದಾರಿಯೂ ಇದೆ. ಆದರೆ ದೇಶದಲ್ಲಿ ಹೆಚ್ಚಿನವರು ನಡೆದದ್ದು ಎಂ.ಫಿಲ್. ದಾರಿಯಲ್ಲೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ವ್ಯಾಖ್ಯಾನವನ್ನೇ ಕೊಟ್ಟಿದೆ. ಎಂ.ಫಿಲ್. ದಾರಿಯ ಬಗ್ಗೆ ಹೇಳುವಾಗ ಕಾಯ್ದೆ ಬರೀ ಡಿಗ್ರಿಯ ಹೆಸರು ಹೇಳಿ ಸುಮ್ಮನಾಗಿಲ್ಲ. ಎರಡು ವರ್ಷದ ಪೂರ್ಣಾವಧಿ ಕೋರ್ಸ್ ಇರಬೇಕು, ಅದರಲ್ಲಿ ಮೇಲ್ವಿಚಾರಣೆಯಲ್ಲಿ ನಡೆಯುವ ಕ್ಲಿನಿಕಲ್ ತರಬೇತಿ ಸೇರಿರಬೇಕು ಅಂತ ಸ್ಪಷ್ಟವಾಗಿ ಹೇಳಿದೆ. 'ಮೇಲ್ವಿಚಾರಣೆ' ಅನ್ನೋ ಆ ಒಂದು ಪದ ನೆನಪಿಟ್ಟುಕೊಳ್ಳಿ. ಈ ಇಡೀ ಲೇಖನ ನಿಂತಿರೋದು ಅದರ ಮೇಲೆ.

ಈ ತರಬೇತಿಗೂ ನಮ್ಮ ಕರ್ನಾಟಕಕ್ಕೂ ಹಳೇ ಸಂಬಂಧ. 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ನಾವು ಟಿವಿ, ರೇಡಿಯೋದವರು ಈ ಹೆಸರನ್ನು ಮರೆಯೋ ಹಾಗೇ ಇಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಅನ್ನೋ ಬಾನುಲಿ ಕೇಂದ್ರ ಶುರು ಮಾಡಿದವರು ಇದೇ ಮನಃಶಾಸ್ತ್ರದ ಮೇಷ್ಟ್ರು! 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯ್ತು. ಅದರ ಮರುವರ್ಷವೇ ಅಲ್ಲಿ ಎರಡು ವರ್ಷದ ಮೆಡಿಕಲ್ ಸೈಕಾಲಜಿ ಡಿಪ್ಲೊಮಾ ಶುರುವಾಯ್ತು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ವ್ಯವಸ್ಥಿತ ತರಬೇತಿಗೆ ಅದೇ ಮೊದಲ ಮೆಟ್ಟಿಲು. ಮುಂದೆ ಆ ಡಿಪ್ಲೊಮಾನೇ ಎಂ.ಫಿಲ್. ಆಯ್ತು. 1974ರಲ್ಲಿ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು ಈ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಹೊಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ 'ಹುಚ್ಚಾಸ್ಪತ್ರೆ ಸ್ಟಾಪ್' ಅಂತ ನಗಾಡ್ತಿದ್ದ ಜಾಗ ಇದೆಯಲ್ಲ, ಈ ದೇಶಕ್ಕೆ ಕ್ಲಿನಿಕಲ್ ಸೈಕಾಲಜಿ ಕಲಿಸಿದ್ದು ಅದೇ ಜಾಗ.

ಸರಿ, ಆ ಎರಡು ವರ್ಷ ಅಲ್ಲಿ ಏನು ಮಾಡ್ತಾರೆ?

ಮೊದಲ ವರ್ಷ ಮುಖ್ಯವಾಗಿ ಕಲಿಯೋದು ಕೇಳುವುದನ್ನು ಮತ್ತು ಅಳೆಯುವುದನ್ನು. ರೋಗಿ ಬಂದು ಕೂರ್ತಾರೆ. ಯಾವಾಗಿನಿಂದ ಶುರುವಾಯ್ತು, ಮೊದಲು ಹೇಗಿದ್ದರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ, ಊಟ, ನಿದ್ದೆ, ಕುಡಿತ, ಕೆಲಸ, ಸಾಲ ಎಲ್ಲವನ್ನೂ ಕೇಳಿ ಬರೆಯಬೇಕು. ರೋಗಿ ಹೇಳಿದ್ದು ಬೇರೆ, ಮನೆಯವರು ಹೇಳಿದ್ದು ಬೇರೆ. ಎರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಆಮೇಲೆ ಮನಸ್ಥಿತಿಯ ಪರೀಕ್ಷೆ. ಗಮನ ನಿಲ್ಲುತ್ತಾ ಅಂತ ನೋಡೋಕೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂತ ಕೇಳ್ತಾರೆ. ಶಾಲೆಗೇ ಹೋಗದವರಾದರೆ? ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಅಂತಲೋ, ಸಂತೆಯಲ್ಲಿ ಇಷ್ಟಕ್ಕೆ ತರಕಾರಿ ತಗೊಂಡು ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು ಅಂತಲೋ ಕೇಳಬೇಕು. ಮಾತಿನ ಹಿಂದಿನ ಅರ್ಥ ಹಿಡಿಯೋ ಶಕ್ತಿ ಇದೆಯಾ ಅಂತ ತಿಳಿಯೋಕೆ ಗಾದೆ ಬಳಸ್ತಾರೆ. 'ಬೆಳ್ಳಗಿರೋದೆಲ್ಲ ಹಾಲಲ್ಲ' ಅಂದರೆ ಏನು? 'ನೋಡೋಕೆ ಚೆನ್ನಾಗಿರೋದನ್ನೆಲ್ಲ ನಂಬಬಾರದು' ಅನ್ನೋದು ಒಂದು ಉತ್ತರ. 'ಸುಣ್ಣದ ನೀರೂ ಬೆಳ್ಳಗಿರುತ್ತೆ ಸಾರ್' ಅಂತ ಅಲ್ಲಿಗೇ ನಿಲ್ಲೋದು ಇನ್ನೊಂದು ಉತ್ತರ. ಎರಡನೇ ಉತ್ತರ ಕೊಟ್ಟ ಮಾತ್ರಕ್ಕೆ ಕಾಯಿಲೆ ಅಂತ ಅಲ್ಲ. ಆ ವ್ಯಕ್ತಿಯ ಓದು, ಊರು, ವಯಸ್ಸು ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಹೇಗೆ ನೋಡಬೇಕು ಅನ್ನೋದು ಪುಸ್ತಕದಲ್ಲಿ ಅರ್ಧ ಸಿಗುತ್ತೆ. ಉಳಿದರ್ಧ ಪಕ್ಕದಲ್ಲಿ ಕೂತ ಹಿರಿಯರಿಂದ ಬರಬೇಕು.

ಬುದ್ಧಿಮಟ್ಟ ಅಳೆಯುವ ಪರೀಕ್ಷೆಗಳೂ ಇಲ್ಲೇ ಬರುತ್ತವೆ. ಇದರಲ್ಲೂ ಕನ್ನಡಕ್ಕೊಂದು ಹೆಮ್ಮೆಯಿದೆ. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಆಗಿನ ಮುಂಬೈ ಪ್ರಾಂತದ ಕನ್ನಡ ಭಾಗದಲ್ಲಿ ನಡೆದ ಕೆಲಸ ಅದು. ಬಿನೆ-ಕಾಮತ್ ಪರೀಕ್ಷೆ ಅಂತಲೇ ಅದಕ್ಕೆ ಹೆಸರು. ಅಷ್ಟು ಹಳೆಯದಾದರೂ ಅದು ಇನ್ನೂ ಬಳಕೆಯಲ್ಲಿದೆ. ಈ ಪರೀಕ್ಷೆಗಳ ಫಲಿತಾಂಶ ಬರೀ ಒಂದು ನಂಬರ್ ಅಲ್ಲ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ, ಅದರಿಂದ ಬರುವ ಮಾಸಾಶನ, ಕಲಿಕಾ ನ್ಯೂನತೆ ಇರುವ ಮಗುವಿಗೆ ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ, ಇದೆಲ್ಲ ಇಂಥ ಅಳತೆಗಳ ಮೇಲೆ ನಿಂತಿದೆ. ಕಿವಿ ಸರಿಯಾಗಿ ಕೇಳದ ಮಗುವನ್ನು ಕೂರಿಸಿಕೊಂಡು, ಕಿವಿಯ ಬಗ್ಗೆ ಯೋಚನೆಯನ್ನೇ ಮಾಡದೆ, ಅವಸರದಲ್ಲಿ ಟೆಸ್ಟ್ ಮುಗಿಸಿ 'ಬುದ್ಧಿ ಕಮ್ಮಿ' ಅಂತ ಬರೆದುಕೊಟ್ಟರೆ ಏನಾಗುತ್ತೆ? ಆ ಕಾಗದ ಮಗುವಿನ ಹಿಂದೆ ಶಾಲೆಯಿಂದ ಶಾಲೆಗೆ ಓಡಾಡುತ್ತೆ. ಅದಕ್ಕೇ ಮೊದಲ ವರ್ಷದಲ್ಲಿ ವಿದ್ಯಾರ್ಥಿ ಬರೆದ ಪ್ರತಿ ವರದಿಯನ್ನೂ ಮೇಲಿನವರು ಓದಬೇಕು, ತಿದ್ದಬೇಕು, 'ಇದನ್ನು ಯಾವ ಆಧಾರದ ಮೇಲೆ ಬರೆದೆ?' ಅಂತ ಕೇಳಬೇಕು.

ಎರಡನೇ ವರ್ಷದ ಒತ್ತು ಚಿಕಿತ್ಸೆಯ ಮೇಲೆ. ಒಂದು ಉದಾಹರಣೆ ಕೊಡ್ತೀನಿ. ಒಬ್ಬ ಹೆಣ್ಣುಮಗಳು ದಿನಕ್ಕೆ ನಲವತ್ತು ಸಲ ಕೈ ತೊಳೀತಾಳೆ ಅಂದುಕೊಳ್ಳಿ. ನಮ್ಮ ಮನೆಗಳಲ್ಲಿ ಮಡಿ-ಮೈಲಿಗೆ ಇದೆ, ಅಜ್ಜಿಯಂದಿರು ಮಡಿಯಲ್ಲಿ ಇರ್ತಾರೆ. ಅದು ಕಾಯಿಲೆನಾ? ಅಲ್ಲ. ಅಜ್ಜಿಯ ಮಡಿಗೆ ಹೊತ್ತು ಗೊತ್ತು ಇದೆ, ಪೂಜೆ ಮುಗಿದ ಮೇಲೆ ಅಜ್ಜಿ ನಿರಾಳವಾಗಿ ಎಲೆಅಡಿಕೆ ಹಾಕ್ಕೋತಾರೆ. ಆದರೆ ಈ ಹೆಣ್ಣುಮಗಳಿಗೆ ತೊಳೆದಷ್ಟೂ ಸಾಕಾಗ್ತಿಲ್ಲ. ತೊಳೆಯೋದು ಅರ್ಥವಿಲ್ಲದ್ದು ಅಂತ ಅವಳಿಗೇ ಗೊತ್ತು, ಆದರೂ ನಿಲ್ಲಿಸೋಕೆ ಆಗ್ತಿಲ್ಲ, ಚರ್ಮ ಸುಲಿದಿದೆ, ಕೆಲಸ ಬಿಟ್ಟಿದ್ದಾಳೆ. ಇದು ಗೀಳು ಕಾಯಿಲೆ. ಇದಕ್ಕೆ ಪರಿಣಾಮಕಾರಿ ಅಂತ ಸಾಬೀತಾದ ಒಂದು ಚಿಕಿತ್ಸೆ ಇದೆ. ಅವಳು ಹೆದರುವ ವಸ್ತುವನ್ನು ಅವಳ ಒಪ್ಪಿಗೆ ಪಡೆದೇ, ಹಂತಹಂತವಾಗಿ ಮುಟ್ಟಿಸಬೇಕು. ಮುಟ್ಟಿದ ಮೇಲೆ ತೊಳೆಯದೆ ಕೂರಬೇಕು. ಆತಂಕ ಏರುತ್ತೆ. ಬೆವರು ಬರುತ್ತೆ, ಅಳು ಬರುತ್ತೆ. ಕೂತರೆ ನಿಧಾನವಾಗಿ ಇಳಿಯುತ್ತೆ. ಇಳಿಯುತ್ತೆ ಅನ್ನೋದನ್ನು ಅವಳ ಮನಸ್ಸು ಕಲಿಯೋದೇ ಚಿಕಿತ್ಸೆ.

ಈಗ ತರಬೇತಿ ಇಲ್ಲದವರು ಇದನ್ನು ಮಾಡಿದರೆ? ಆತಂಕ ಏರಿದ ಕ್ಷಣದಲ್ಲಿ ಇವರೂ ಗಾಬರಿ ಬೀಳ್ತಾರೆ. 'ಆಯ್ತಮ್ಮಾ, ಹೋಗಿ ತೊಳ್ಕೊಂಡು ಬಾ' ಅಂತಾರೆ. ತೊಳೆದರೆ ಮಾತ್ರ ಸಮಾಧಾನ ಅನ್ನೋ ಪಾಠ ಅವಳ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗುತ್ತೆ. ನೋಡಿ, ಇಲ್ಲಿ ಮಾಡಿದ್ದು ಒಳ್ಳೇ ಮನಸ್ಸಿನಿಂದಲೇ. ಆದರೆ ಕಾಯಿಲೆ ಹೆಚ್ಚಾಯ್ತು. 'ಮಾತಾಡೋದು ತಾನೇ, ಅದರಲ್ಲೇನು ಅಪಾಯ?' ಅಂತ ಕೇಳೋರಿಗೆ ಇದು ಉತ್ತರ.

ಮೇಲ್ವಿಚಾರಣೆ ಅಂದ್ರೆ ಇಲ್ಲಿ ಇನ್‌ಸ್ಪೆಕ್ಷನ್ ಅಲ್ಲ. ವಿದ್ಯಾರ್ಥಿ ರೋಗಿಯ ಜೊತೆ ಮುಕ್ಕಾಲು ಗಂಟೆ ಕೂತು ಬಂದಮೇಲೆ, ಅಲ್ಲಿ ನಡೆದ ಮಾತನ್ನು ಗುರುಗಳ ಮುಂದೆ ಇಡಬೇಕು. ಅವರು ಕೇಳ್ತಾರೆ: ಅವರು ಅಳೋಕೆ ಶುರು ಮಾಡಿದಾಗ ನೀನು ಯಾಕೆ ವಿಷಯ ಬದಲಾಯಿಸಿದೆ? ಅವರಿಗೆ ಕಷ್ಟ ಆಗ್ತಿತ್ತಾ, ನಿನಗೆ ಕಷ್ಟ ಆಗ್ತಿತ್ತಾ? ಸುಸ್ತು, ತೂಕ ಹೆಚ್ಚಳ, ಚಳಿ ತಡೆಯೋಕಾಗ್ತಿಲ್ಲ ಅಂದರಲ್ಲ, ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿದೆಯಾ? 'ಬದುಕಿ ಏನು ಪ್ರಯೋಜನ' ಅಂದರಲ್ಲ, ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದೆಯಾ?

ಈ ಕೊನೇ ಪ್ರಶ್ನೆಯನ್ನು ಸ್ವಲ್ಪ ಗಮನಿಸಿ. 'ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ' ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ತಪ್ಪು. ನೇರವಾಗಿ, ಕಾಳಜಿಯಿಂದ ಕೇಳಿದರೆ ಆ ಯೋಚನೆ ಹುಟ್ಟೋದಿಲ್ಲ. ಎಷ್ಟೋ ಸಲ ಅದು ಆಚೆ ಬರೋಕೆ ಬಾಗಿಲು ತೆಗೆದ ಹಾಗಾಗುತ್ತೆ. ಆದರೆ ಇಪ್ಪತ್ನಾಲ್ಕು ವರ್ಷದ ವಿದ್ಯಾರ್ಥಿಗೆ ಈ ಪ್ರಶ್ನೆ ಬಾಯಿಗೆ ಬರೋದು ಸುಲಭ ಅಲ್ಲ. ಯಾರೋ ಪಕ್ಕದಲ್ಲಿ ನಿಂತು ಒಂದಲ್ಲ ಹತ್ತು ಸಲ ಕಲಿಸಬೇಕು.

ನಾನು ಇಂಜಿನಿಯರಿಂಗ್ ಓದಿ ಬಂದವನು. ನಮ್ಮ ಲ್ಯಾಬಿನಲ್ಲಿ ಕನೆಕ್ಷನ್ ತಪ್ಪಾದರೆ ಫ್ಯೂಸ್ ಹೋಗುತ್ತೆ, ಜಾಸ್ತಿ ಅಂದರೆ ಒಂದು ಐಸಿ ಸುಟ್ಟು ವಾಸನೆ ಬರುತ್ತೆ. ಹೊಸದು ತಂದು ಹಾಕ್ತೀವಿ. ತಪ್ಪು ಆಗಿದೆ ಅಂತ ಆ ಯಂತ್ರವೇ ಕೂಗಿ ಹೇಳುತ್ತೆ. ಮನಸ್ಸಿನ ಕೆಲಸದಲ್ಲಿ ಹಾಗಲ್ಲ. ತಪ್ಪಾದಾಗ ರೋಗಿ ಕೂಗಲ್ಲ. ಮುಂದಿನ ವಾರ ಬರೋದಿಲ್ಲ, ಅಷ್ಟೇ. ಯಾಕೆ ಬರಲಿಲ್ಲ ಅಂತ ಕೊನೆಗೂ ಗೊತ್ತಾಗಲ್ಲ. ತಪ್ಪು ತಾನಾಗಿ ಕಾಣದ ಇಂಥ ಕೆಲಸದಲ್ಲಿ, ತಪ್ಪನ್ನು ತೋರಿಸೋಕೆ ಇನ್ನೊಬ್ಬ ಮನುಷ್ಯ ಬೇಕೇ ಬೇಕು.

ಇದರ ಜೊತೆಗೆ ಭಾಷೆಯ ಸವಾಲು. ಪಠ್ಯ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ರೋಗಿ ಬರೋದು ಸಿಂದಗಿಯಿಂದ, ಕುಂದಾಪುರದಿಂದ, ಪಾವಗಡದಿಂದ. ಅವರು 'ನನಗೆ ಡಿಪ್ರೆಶನ್' ಅಂತ ಹೇಳಲ್ಲ. 'ಎದೆ ಭಾರ', 'ಹೊಟ್ಟೆಯಲ್ಲಿ ಸಂಕಟ', 'ಯಾಕೋ ಬ್ಯಾಸರ', 'ತಲೆ ಎಲ್ಲ ಜುಂ ಅಂತೈತಿ', 'ಗಾಳಿ ಸೋಕಿದೆ ಅಂತಾರೆ' ಅಂತ ಹೇಳ್ತಾರೆ. ಇದರಲ್ಲಿ ಯಾವುದು ದುಃಖ, ಯಾವುದು ಭಯ, ಯಾವುದು ನಿಜವಾಗಲೂ ಗ್ಯಾಸ್ಟ್ರಿಕ್ ಅಂತ ಬಿಡಿಸೋಕೆ ಕನ್ನಡದ ಕಿವಿ ಬೇಕು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಕನ್ನಡದಲ್ಲೇ ಬರೆದು, ಮಾತಾಡಿ ಈ ಸೇತುವೆ ಕಟ್ಟಿದ್ದಾರೆ. ಆದರೆ ಸೇತುವೆ ಮೇಲೆ ನಡೆಯೋ ಹೊಸಬರು ಬೇಕಲ್ಲ? ಅದಕ್ಕೇ ನಮ್ಮ ಊರಿನ, ನಮ್ಮ ಮಾತಿನ ಹುಡುಗ ಹುಡುಗಿಯರು ಈ ತರಬೇತಿಗೆ ಹೋಗೋದು ಮುಖ್ಯ.

ಹೋಗ್ತಿದ್ದಾರಾ? ಲೆಕ್ಕ ನೋಡಿ. 2015ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಆಗ ಇಡೀ ದೇಶದಲ್ಲಿದ್ದ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಸಂಖ್ಯೆ 898. ಆಮೇಲೆ ಹೆಚ್ಚಾಗಿದೆ, ನಿಜ. ಆದರೆ ಅಗತ್ಯ ಎಷ್ಟಿದೆ? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದು, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು ಅಂತ. ಚಿಕಿತ್ಸೆ ಸಿಗದೇ ಇದ್ದವರು ಎಷ್ಟು? ಕಾಯಿಲೆಗೆ ತಕ್ಕ ಹಾಗೆ ಶೇ. 70ರಿಂದ 92. ಅಂದರೆ ಹತ್ತರಲ್ಲಿ ಏಳರಿಂದ ಒಂಬತ್ತು ಜನ ಯಾವ ಬಾಗಿಲನ್ನೂ ತಲುಪಿಲ್ಲ.

ಹಾಗಾದರೆ ಸೀಟು ಹೆಚ್ಚಿಸಿ, ಸಾವಿರಗಟ್ಟಲೆ ಜನರನ್ನು ತಯಾರು ಮಾಡಿ ಅಂತೀರಾ? ನಾನೂ ಹಾಗೇ ಅಂತೀನಿ. ಆದರೆ ಗಂಟು ಇರೋದು ಅಲ್ಲೇ. ಒಬ್ಬ ಮೇಷ್ಟ್ರು ನೂರು ಜನರಿಗೆ ಪಾಠ ಹೇಳಬಹುದು. ನೂರು ಜನರ ಚಿಕಿತ್ಸೆಯನ್ನು ಪಕ್ಕದಲ್ಲಿ ಕೂತು ತಿದ್ದೋಕಾಗಲ್ಲ. ಒಬ್ಬ ಮೇಲ್ವಿಚಾರಕರಿಗೆ ಕೆಲವೇ ವಿದ್ಯಾರ್ಥಿಗಳು ಅನ್ನೋ ಮಿತಿ ಇರೋದು ಅದಕ್ಕೇ. ತರಬೇತಿ ಕೊಡೋರು ಕಡಿಮೆ ಇರೋದರಿಂದ ತರಬೇತಿ ಪಡೆಯೋರು ಕಡಿಮೆ. ಪಡೆಯೋರು ಕಡಿಮೆ ಇರೋದರಿಂದ ನಾಳೆ ಕೊಡೋರೂ ಕಡಿಮೆ. ಈ ಚಕ್ರವನ್ನು ಎಲ್ಲೋ ಒಂದು ಕಡೆ ದುಡ್ಡು ಹಾಕಿ ಮುರಿಯಬೇಕು.

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಕೆಲವು ಸರ್ಕಾರಿ ಸಂಸ್ಥೆಗಳಲ್ಲಿ ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಇದೆ. ಎಷ್ಟೋ ಖಾಸಗಿ ಕಡೆ ವಿದ್ಯಾರ್ಥಿಯೇ ಲಕ್ಷಗಟ್ಟಲೆ ಫೀಸು ಕಟ್ಟಿ, ದಿನವಿಡೀ ಆಸ್ಪತ್ರೆಯಲ್ಲಿ ಕೆಲಸವನ್ನೂ ಮಾಡಬೇಕು. ಇಂಗ್ಲೆಂಡಿನಲ್ಲಿ ಹೇಗಿದೆ ಗೊತ್ತಾ? ಅಲ್ಲಿ ಮೂರು ವರ್ಷದ ಡಾಕ್ಟರೇಟ್. ಸರ್ಕಾರಿ ಆರೋಗ್ಯ ವ್ಯವಸ್ಥೆ ಸೀಟುಗಳ ಖರ್ಚು ಹೊರುತ್ತೆ, ತರಬೇತಿಯಲ್ಲಿ ಇರುವವರನ್ನು ನೌಕರರು ಅಂತ ಪರಿಗಣಿಸಿ ಸಂಬಳ ಕೊಡುತ್ತೆ. ನಮ್ಮಲ್ಲಿ ಎಂ.ಡಿ. ಓದುವ ಡಾಕ್ಟರುಗಳಿಗೆ ಸ್ಟೈಪೆಂಡ್ ಇದೆ. ಅದೇ ವಾರ್ಡಿನಲ್ಲಿ, ಅದೇ ರೋಗಿಯ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿಗೆ ಎಲ್ಲ ಕಡೆ ಯಾಕಿಲ್ಲ? ರೈತರ ಮಗಳು, ಅಂಗನವಾಡಿ ಕಾರ್ಯಕರ್ತೆಯ ಮಗ ಐದು ವರ್ಷ ಓದಿ, ಇನ್ನೆರಡು ವರ್ಷ ಸಂಪಾದನೆ ಇಲ್ಲದೆ ಸಾಲ ಮಾಡಿ ಈ ತರಬೇತಿಗೆ ಸೇರ್ತಾರಾ? ಸೇರದಿದ್ದರೆ ಪಾವಗಡದ ಕನ್ನಡ ಕೇಳಿಸಿಕೊಳ್ಳೋ ಕಿವಿ ಎಲ್ಲಿಂದ ಬರುತ್ತೆ?

ಇಷ್ಟರ ಮಧ್ಯೆ ಈಗ ಕೋರ್ಸಿನ ಹೆಸರೇ ಬದಲಾಗ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯೇ ಬೇಡ ಅಂತ ಹೇಳಿತು. 2022ರ ಕೊನೆಗೆ ಯುಜಿಸಿ ನಿಯಮ ತಂದು ಅದನ್ನು ನಿಲ್ಲಿಸಿತು. ಇತಿಹಾಸದಲ್ಲೋ ಸಾಹಿತ್ಯದಲ್ಲೋ ಎಂ.ಫಿಲ್. ಅಂದರೆ ಪಿಎಚ್.ಡಿ.ಗೆ ಮುಂಚಿನ ಒಂದು ಸಂಶೋಧನಾ ಪದವಿ. ಅದು ಹೋದರೂ ನಡೆಯುತ್ತೆ. ಆದರೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಅನ್ನೋದು ಹೆಸರಿಗೆ ಮಾತ್ರ ಎಂ.ಫಿಲ್. ನಿಜದಲ್ಲಿ ಅದು ವೃತ್ತಿಗೆ ಕಾಲಿಡೋ ಬಾಗಿಲು. ಕಾಯ್ದೆಯ ವ್ಯಾಖ್ಯಾನದಲ್ಲೇ ಆ ಹೆಸರಿದೆ. ಎಲ್ಲ ಎಂ.ಫಿಲ್.ಗಳನ್ನೂ ಒಂದೇ ಗಂಟಿಗೆ ಕಟ್ಟಿದಾಗ ಈ ಬಾಗಿಲೂ ಅದರೊಳಗೆ ಹೋಯಿತು. ವಿದ್ಯಾರ್ಥಿಗಳು, ಸಂಸ್ಥೆಗಳು ಆತಂಕಪಟ್ಟವು. 2024ರ ಜನವರಿಯಲ್ಲಿ ಯುಜಿಸಿ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎಂ.ಫಿಲ್.ಗಳಿಗೆ ಮಾತ್ರ ವಿನಾಯಿತಿ ಕೊಟ್ಟು, 2025-26ನೇ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಮಾಡಿಕೊಟ್ಟಿತು. ಇತ್ತ ಆರ್.ಸಿ.ಐ. ನಾಲ್ಕು ವರ್ಷದ ಕ್ಲಿನಿಕಲ್ ಸೈಕಾಲಜಿ ಆನರ್ಸ್ ಪದವಿಯಂಥ ಹೊಸ ದಾರಿಗಳನ್ನು ತೆರೆಯುತ್ತಿದೆ.

ಇದರಲ್ಲಿ ನನ್ನ ಅಭಿಪ್ರಾಯ ಇಷ್ಟು. ಹೆಸರಿನ ಬಗ್ಗೆ ಜಗಳ ಬೇಡ. 1955ರಲ್ಲಿ ಅದು ಡಿಪ್ಲೊಮಾ ಆಗಿತ್ತು, ಆಮೇಲೆ ಎಂ.ಫಿಲ್. ಆಯ್ತು, ನಾಳೆ ಇನ್ನೊಂದಾಗಲಿ. ಆದರೆ ಪಾತ್ರೆ ಬದಲಾಯಿಸುವಾಗ ಒಳಗಿರೋದು ಚೆಲ್ಲಬಾರದು. ಒಳಗಿರೋದು ಅಂದರೆ ಪೂರ್ಣಾವಧಿಯ ಆಸ್ಪತ್ರೆ ತರಬೇತಿ, ನಿಜವಾದ ರೋಗಿಗಳು, ಪ್ರತಿ ವಾರ ಗುರುವಿನ ಮುಂದೆ ಕೂತು ಉತ್ತರ ಕೊಡುವ ಗಂಟೆಗಳು. ಹೊಸ ಕೋರ್ಸ್ ಯಾವುದೇ ಬರಲಿ, 'ಇದರಲ್ಲಿ ಮೇಲ್ವಿಚಾರಣೆಯ ಗಂಟೆಗಳು ಎಷ್ಟು, ಮೇಲ್ವಿಚಾರಣೆ ಮಾಡೋರು ಯಾರು?' ಅಂತ ಮೊದಲು ಕೇಳಬೇಕು. ಕಾಲೇಜಿಗೆ ಆಸ್ಪತ್ರೆಯೇ ಇಲ್ಲ, ಹಾಸಿಗೆಯೇ ಇಲ್ಲ, ಬರೀ ಸ್ಮಾರ್ಟ್ ಬೋರ್ಡ್ ಇದೆ ಅಂದರೆ ಅಲ್ಲಿ ತಯಾರಾಗೋದು ಬೋರ್ಡು ಹಾಕಿಕೊಳ್ಳುವವರು ಮಾತ್ರ.

ಹಾಗಾದರೆ ಕಾನೂನು ಸುಮ್ಮನಿದೆಯಾ? ಇಲ್ಲ. 1992ರ ಆರ್.ಸಿ.ಐ. ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಎಷ್ಟು? ಒಂದು ಸಾವಿರ ರೂಪಾಯಿವರೆಗೆ. ಕೆಲವರ ಒಂದು ಗಂಟೆ ಫೀಸು ಅದಕ್ಕಿಂತ ಜಾಸ್ತಿ! ಅದೂ ಅಲ್ಲದೆ 'ಕ್ಲಿನಿಕಲ್' ಅನ್ನೋ ಪದ ಬಿಟ್ಟು 'ಲೈಫ್ ಕೋಚ್', 'ಮೈಂಡ್ ಹೀಲರ್' ಅಂತ ಬರೆದುಕೊಂಡರೆ ಈ ಕಾಯ್ದೆಯ ಕೈಗೆ ಸಿಗೋದು ಕಷ್ಟ. ಉಳಿದ ಸೈಕಾಲಜಿಸ್ಟ್‌ಗಳಿಗೆ, ಕೌನ್ಸೆಲರ್‌ಗಳಿಗೆ ಒಂದು ಚೌಕಟ್ಟು ಹಾಕೋಕೆ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಬಂದಿದೆ. ಆ ಕಾಯ್ದೆಯ ಅಡಿಯಲ್ಲೇ, ಮನಃಶಾಸ್ತ್ರ ಸೇರಿದಂತೆ ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯಗಳನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕಲಿಸುವ ಹಾಗಿಲ್ಲ ಅಂತ ಯುಜಿಸಿ 2025ರಲ್ಲಿ ಹೇಳಿತು. ದಾರಿ ಸರಿಯಾಗಿದೆ. ಆದರೆ ಕಾಯ್ದೆ ಪುಸ್ತಕದಿಂದ ಇಳಿದು ನಮ್ಮ ಬಡಾವಣೆಯ ಬೋರ್ಡಿನವರೆಗೆ ಬರಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ. ಕೇಳುವುದು. 'ನೀವು ಆರ್.ಸಿ.ಐ. ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟಾ? ನಿಮ್ಮ ನೋಂದಣಿ ಸಂಖ್ಯೆ ಏನು? ತರಬೇತಿ ಎಲ್ಲಿ ಆಯ್ತು?' ಇದನ್ನು ಕೇಳೋದು ಅವಮಾನ ಅಲ್ಲ. ಸರಿಯಾಗಿ ತರಬೇತಿ ಆದವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡ್ತಾರೆ. 'ಮೂರೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ' ಅನ್ನೋರು, 'ಡಾಕ್ಟರು ಕೊಟ್ಟ ಮಾತ್ರೆ ಇವತ್ತೇ ನಿಲ್ಲಿಸಿ' ಅನ್ನೋರು ಕಂಡರೆ ಎದ್ದು ಬನ್ನಿ. ಕೌನ್ಸೆಲರ್ ಬಳಿ ಹೋಗಿದ್ದೀರಾ, ಅವರು 'ಇದು ನನ್ನ ಮಟ್ಟದ್ದಲ್ಲ, ಮನೋವೈದ್ಯರನ್ನು ನೋಡಿ' ಅಂದರಾ? ಅವರು ಒಳ್ಳೆಯ ಕೌನ್ಸೆಲರ್. ತನ್ನ ಮಿತಿ ಗೊತ್ತಿರೋದು ಈ ಕೆಲಸದಲ್ಲಿ ದೊಡ್ಡ ವಿದ್ಯೆ.

ಹತ್ತಿರದಲ್ಲಿ ಯಾರೂ ಇಲ್ಲ ಅಂದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯ್ತು. ಆ ಕಾರ್ಯಕ್ರಮದ ತಂಡದಲ್ಲಿ ಸೈಕಾಲಜಿಸ್ಟ್‌ಗೂ ಜಾಗ ಇದೆ. ನಿಮ್ಮ ಜಿಲ್ಲೆಯಲ್ಲಿ ಆ ಕುರ್ಚಿಯಲ್ಲಿ ಜನ ಇದ್ದಾರಾ ಅಂತ ಒಮ್ಮೆ ವಿಚಾರಿಸಿ, ಇಲ್ಲದಿದ್ದರೆ ನಿಮ್ಮ ಶಾಸಕರನ್ನು ಕೇಳಿ. ತುರ್ತು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸೈಕಾಲಜಿ ಓದಬೇಕು ಅಂತಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಫೀಸು ಕಟ್ಟೋದಕ್ಕೆ ಮುಂಚೆ ಆ ಸಂಸ್ಥೆಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಆರ್.ಸಿ.ಐ. ಮಾನ್ಯತೆ ಇದೆಯಾ ಅಂತ ಪರಿಷತ್ತಿನ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಬ್ರೋಷರ್ ನಂಬಬೇಡಿ. ಅಲ್ಲಿ ದಿನಕ್ಕೆ ಎಷ್ಟು ರೋಗಿಗಳು ಬರ್ತಾರೆ, ಕಲಿಸೋರು ಎಷ್ಟು ಜನ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ದಾರಿ ಉದ್ದ ಇದೆ. ಆದರೆ ಈ ರಾಜ್ಯಕ್ಕೆ, ಈ ಭಾಷೆಗೆ ನಿಮ್ಮಂಥವರು ಬೇಕು.

ಮುರಿದ ಮೂಳೆ ತಪ್ಪಾಗಿ ಕೂಡಿಕೊಂಡರೆ ಎಕ್ಸ್‌ರೇಯಲ್ಲಿ ಕಾಣುತ್ತೆ. ಮನಸ್ಸು ತಪ್ಪಾಗಿ ಕೂಡಿಕೊಂಡರೆ ತೋರಿಸೋ ಎಕ್ಸ್‌ರೇ ಇನ್ನೂ ಬಂದಿಲ್ಲ. ಅದಕ್ಕೇ ಅದನ್ನು ಮುಟ್ಟುವ ಕೈಗೆ ತರಬೇತಿ ಆಗಿರಬೇಕು, ಆ ಕೈಯನ್ನು ಇನ್ನೊಬ್ಬರು ಹಿಡಿದು ಕಲಿಸಿರಬೇಕು. ಮುಂದಿನ ಸಲ ಬೋರ್ಡು ನೋಡಿದಾಗ, ಒಳಗೆ ಹೋಗೋ ಮುಂಚೆ ಕೇಳಿಬಿಡಿ. ಸಂಕೋಚ ಬೇಡ.